ಹೆಡರ್ ಚಿತ್ರ ಎಷ್ಟು ದೊಡ್ಡದಿರಬೇಕು?

ವೆಬ್‌ಸೈಟ್ ತೆರೆದ ಕೂಡಲೇ ಮೇಲ್ಗಡೆ ಅಗಲವಾಗಿ ಕಾಣುತ್ತಲ್ಲ, ಅದೇ ಹೆಡರ್ ಚಿತ್ರ. ಫೋನಲ್ಲಿ ತೆಗೆದದ್ದನ್ನ ಹಾಗೇ ಏರಿಸಿಬಿಟ್ಟಿದ್ದೀರಾ? 12 ಮೆಗಾಪಿಕ್ಸೆಲ್ ಫೋಟೊ ಅಂದ್ರೆ ಸುಮಾರು 4000 ಪಿಕ್ಸೆಲ್ ಅಗಲ, 3000 ಎತ್ತರ. ಫೈಲ್ ಮೂರ್ನಾಲ್ಕು ಎಂಬಿ. ನೋಡೋರ ಲ್ಯಾಪ್‌ಟಾಪ್ ಪರದೆ ಎಷ್ಟೋ ಸಲ 1920 ಅಷ್ಟೇ. ಉಳಿದದ್ದು ಡೇಟಾ ದಂಡ!

ಪೂರ್ತಿ ಅಗಲದ ಹೆಡರ್‌ಗೆ 1920 ಸಾಕು, ಎತ್ತರ 600ರ ಆಸುಪಾಸು. ರೆಟಿನಾ ಪರದೆಗೆ ದುಪ್ಪಟ್ಟು ಬೇಕು ಅಂತಾರೆ; ನನ್ನ ಕೇಳಿದ್ರೆ 2400 ದಾಟಬೇಡಿ.

ಅಸಲಿ ತಕರಾರು ಮೊಬೈಲ್‌ದು. ನಡುವೆ ಮುಳ್ಳಯ್ಯನಗಿರಿ, ಎಡತುದೀಲಿ ನಿಮ್ಮ ಹೋಮ್‌ಸ್ಟೇ ಹೆಸರು ಅಂತಿಟ್ಕೊಳ್ಳಿ. ನೆಟ್ಟಗೆ ಹಿಡಿದ ಫೋನಲ್ಲಿ ಜಾಗ ತುಂಬಿಸೋಕೆ ಚಿತ್ರದ ಎರಡೂ ಬದಿ ಕತ್ತರಿಸಿಹೋಗುತ್ತೆ. ಬೆಟ್ಟ ಉಳೀತು, ಹೆಸರು ಮಾಯ! ಅದಕ್ಕೇ ಅಕ್ಷರಗಳನ್ನ ಚಿತ್ರದೊಳಗೆ ಸೇರಿಸಲೇಬೇಡಿ, ಮೇಲೆ ಬೇರೆಯಾಗಿ ಟೈಪ್ ಮಾಡಿ. ಆಗೋದಾದ್ರೆ ಮೊಬೈಲ್‌ಗೆ 800 ಅಗಲದ ಇನ್ನೊಂದು ಚಿತ್ರ ಕೊಡಿ.

ಸೇವ್ ಮಾಡೋವಾಗ ಜೆಪೆಗ್ ಬದಲು ವೆಬ್‌ಪಿ, ಕ್ವಾಲಿಟಿ 80. 300 ಕೆಬಿ ಒಳಗೆ ತರೋಕೆ ನೋಡಿ. ಮಂಜು ಮುಚ್ಚಿದ ಬೆಟ್ಟವಾದ್ರೆ ಸುಲಭವಾಗಿ ಇಳಿಯುತ್ತೆ. ಕಾಫಿ ಗಿಡದ ಎಲೆ ಎಲೆಯೂ ಎದ್ದು ಕಾಣೋ ಫೋಟೊ ಮಾತ್ರ ಸ್ವಲ್ಪ ಹಟ ಮಾಡುತ್ತೆ.