ನೋವಿನ ಚಿತ್ರ ತೆಗೆಯಬಹುದೇ?

ತಿಂಗಳುಗಟ್ಟಲೆ ಬಿಡದ ಸೊಂಟನೋವು ಯಾರ ಮನೆಯಲ್ಲಿಲ್ಲ? ಎಣ್ಣೆ ತಿಕ್ಕಿ, ಶಾಖ ಕೊಟ್ಟು ಬೇಸತ್ತ ಮೇಲೆ, ಒಂದು ಚಿತ್ರ ತೆಗೆಸಿದರೆ ಕಾರಣ ತಿಳಿದೀತೆಂದು ನಿಮಗೂ ಅನಿಸಿರಬಹುದು.

1895ರಲ್ಲಿ ರಾಂಟ್ಜೆನ್ ಕಂಡುಹಿಡಿದ ಕ್ಷ-ಕಿರಣವು ಮುಖ್ಯವಾಗಿ ಮೂಳೆಯನ್ನು ತೋರಿಸುತ್ತದೆ. ಎಂ.ಆರ್.ಐ. ಯಂತ್ರದ ರೀತಿಯೇ ಬೇರೆ. ಪ್ರಬಲವಾದ ಅಯಸ್ಕಾಂತದ ನಡುವೆ ದೇಹವನ್ನಿರಿಸಿ ರೇಡಿಯೋ ಅಲೆಗಳನ್ನು ಹಾಯಿಸಿದಾಗ, ದೇಹದ ನೀರು ಕೊಬ್ಬುಗಳಲ್ಲಿರುವ ಜಲಜನಕವು ಮರುದನಿ ಕೊಡುತ್ತದೆ. ನಿಮ್ಮ ರೇಡಿಯೋ ನಿಲಯವನ್ನು ಹಿಡಿಯುವಂತೆ ಯಂತ್ರವು ಅದನ್ನು ಹಿಡಿದು ಚಿತ್ರವಾಗಿಸುತ್ತದೆ. ಬೆನ್ನುಮೂಳೆಗಳ ನಡುವಣ ಮೆತ್ತನೆಯ ಬಿಲ್ಲೆಗಳೂ ನರಗಳೂ ಅದರಲ್ಲಿ ಕಾಣುತ್ತವೆ.

ಆದರೆ ಕಂಡದ್ದೆಲ್ಲ ನೋವಿನ ಮೂಲವಲ್ಲ. 1994ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನಕ್ಕಾಗಿ, ಬೆನ್ನುನೋವೇ ಇಲ್ಲದ 98 ಮಂದಿಯ ಸೊಂಟದ ಚಿತ್ರ ತೆಗೆದರು. ಬಿಲ್ಲೆಗಳೆಲ್ಲ ಸರಿಯಾಗಿದ್ದುದು ನೂರಕ್ಕೆ 36 ಮಂದಿಗೆ ಮಾತ್ರ! ಅರ್ಧಕ್ಕಿಂತ ಹೆಚ್ಚು ಜನರಲ್ಲಿ ಬಿಲ್ಲೆ ಉಬ್ಬಿತ್ತು. ವಯಸ್ಸಾದಂತೆ ಕೂದಲು ನರೆಯುವ ಹಾಗೆ ಬಿಲ್ಲೆಯೂ ಸವೆಯುತ್ತದೆ.

ಆದುದರಿಂದಲೇ ವೈದ್ಯರು ಮೊದಲು ನಿಮ್ಮ ಮಾತು ಕೇಳುತ್ತಾರೆ. ಕಾಲೆತ್ತಿಸಿ, ಜೋಮು ಹಿಡಿದ ಜಾಗವನ್ನು ಮುಟ್ಟಿ ನೋಡುತ್ತಾರೆ. ನೋವು ಹರಿಯುವ ದಾರಿಗೂ ಚಿತ್ರದಲ್ಲಿ ಅದುಮಿದಂತೆ ಕಾಣುವ ನರಕ್ಕೂ ತಾಳೆಯಾದರೆ ಮೂಲವು ಬಹುಮಟ್ಟಿಗೆ ಸಿಕ್ಕಂತೆ. ಚಿತ್ರದಲ್ಲಿ ಏನೂ ಕಾಣದಿದ್ದರೆ ನೋವು ಸುಳ್ಳೆಂದು ಮನೆಯವರು ತಿಳಿಯಬಾರದು. ಚಿತ್ರವು ಅಂಗದ ಆಕಾರವನ್ನು ತೋರಿಸುತ್ತದೆಯೇ ಹೊರತು ನೋವನ್ನಲ್ಲ.

ಕಾಲಿನ ಬಲ ಕುಗ್ಗಿದರೆ, ಮಲಮೂತ್ರಗಳ ಹಿಡಿತ ತಪ್ಪಿದರೆ, ಮೂತ್ರ ಕಟ್ಟಿದರೆ ಆ ದಿನವೇ ಆಸ್ಪತ್ರೆಗೆ ಹೋಗಿರಿ. ಬೆನ್ನುನೋವಿನೊಡನೆ ಜ್ವರವಿದ್ದರೆ, ಕಾರಣವಿಲ್ಲದೆ ತೂಕ ಇಳಿಯುತ್ತಿದ್ದರೆ ವೈದ್ಯರನ್ನು ಕಾಣಲು ತಡಮಾಡಬೇಡಿರಿ. ಉಳಿದಂತೆ, ನೋವು ಎಲ್ಲಿ, ಯಾವಾಗ, ಏನು ಮಾಡಿದಾಗ ಹೆಚ್ಚುತ್ತದೆಂಬುದನ್ನು ಗಮನಿಸಿ ವೈದ್ಯರಿಗೆ ಹೇಳಿರಿ. ಚಿತ್ರ ಬೇಕೋ ಬೇಡವೋ ಎಂಬುದು ಅದರಿಂದಲೇ ತಿಳಿಯುತ್ತದೆ.