ಎಸ್ಟಿಮೇಟಿನಲ್ಲಿ ಬರೆಯದ ಖರ್ಚು

ಏಳನೇ ಇಯತ್ತೆಯ ಮೊಮ್ಮಗನಿಗೆ ಶಾಲೆಯಲ್ಲಿ ‘ಪರಿಸರಸ್ನೇಹಿ ಮನೆ’ ಎಂಬ ಪ್ರಾಜೆಕ್ಟ್ ಕೊಟ್ಟಿದ್ದರು. “ಅಜ್ಜಾ, ನಮ್ಮ ಮಣ್ಣಿನ ಮನಿ ಬಗ್ಗೆ ಬರೀಲೇನು? ನಿಮ್ಮ ಅಪ್ಪಗ ಪರಿಸರದ ಮ್ಯಾಲೆ ಭಾಳ ಪ್ರೀತಿ ಇತ್ತೇನು?” ಎಂದು ಕೇಳಿದ.

“ಇಲ್ಲೋ ತಮ್ಮಾ, ಕಿಸೆದಾಗ ರೊಕ್ಕ ಇರಲಿಲ್ಲ” ಎಂದೆ.

ಆ ಮನೆಯನ್ನೇ ಕೆಡವಿ ಸ್ಲ್ಯಾಬ್ ಹಾಕಿಸೋಣ ಎಂದು ನನ್ನ ಮಗ ಎರಡು ವರ್ಷಗಳಿಂದ ಹಟ ಹಿಡಿದಿದ್ದಾನೆ. ಹೀಗಾಗಿ ಮೊಮ್ಮಗನ ಪ್ರಶ್ನೆ ಮನೆಯವರಿಗೆಲ್ಲ ತಾಗಿತು.

ರಾಯಬಾಗ ತಾಲ್ಲೂಕಿನ ನಮ್ಮೂರಿನಲ್ಲಿ ನನ್ನ ಅಪ್ಪ ಮನೆ ಕಟ್ಟಿದಾಗ ಸಿಮೆಂಟ್ ತುಟ್ಟಿ, ಆಳು ಸೋವಿ. ಹೊಲದ ಕರಿಮಣ್ಣು ಗೋಡೆಗೆ ಬರುವುದಿಲ್ಲ. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಅದಕ್ಕೆ ಹಳೇ ಮನೆ ಬಿದ್ದ ಜಾಗದ ಬಿಳಿಮಣ್ಣನ್ನು ಚಕ್ಕಡಿಯಲ್ಲಿ ಹೇರಿ ತಂದರು. ತೊಲೆ, ಜಂತಿಗೆ ಬದುವಿನ ಬೇವು, ಜಾಲಿ. ಎರಡಡಿ ದಪ್ಪದ ಗೋಡೆ, ಮೇಲೆ ಮಣ್ಣಿನ ಮಾಳಗಿ, ನಡುವೆ ಬೆಳಕಿಂಡಿ. ಹೊರಗಿನ ಬಿಸಿ ಆ ಗೋಡೆ ದಾಟಿ ಒಳಗೆ ಬರುವಷ್ಟರಲ್ಲಿ ಸಂಜೆಯಾಗಿರುತ್ತದೆ. ತಂಪು ಪುಕ್ಕಟೆ ಬಂತು.

ಆದರೆ ಜಮೆಯನ್ನಷ್ಟೇ ಹೇಳಿ ಖರ್ಚು ಮುಚ್ಚಿಡುವುದು ನನ್ನಂಥ ಗುಮಾಸ್ತನಿಗೆ ಒಪ್ಪದು. ಮಳೆಗಾಲಕ್ಕೆ ಮುಂಚೆ ಪ್ರತಿವರ್ಷ ಮಾಳಗಿಗೆ ಮಣ್ಣು ಹಾಕಿ ತುಳಿಯಬೇಕು. ಆಗ ಮುಯ್ಯಾಳು ಸಿಗುತ್ತಿದ್ದರು. ಈಗ ಆ ಕೆಲಸ ಬಲ್ಲವರೇ ಅಪರೂಪ, ಸಿಕ್ಕರೂ ಪಗಾರ ಹೆಚ್ಚು. 2019ರ ಆಗಸ್ಟ್‌ನಲ್ಲಿ ಕೃಷ್ಣೆ, ದೂಧಗಂಗೆ, ವೇದಗಂಗೆ ಉಕ್ಕಿ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳ ದಂಡೆಯ ಊರುಗಳಲ್ಲಿ ನೀರು ನಿಂತಾಗ ಮಣ್ಣಿನ ಗೋಡೆಗಳು ತಾಳಲಿಲ್ಲ. ಪೂರ್ತಿ ಬಿದ್ದ ಮನೆಗೆ ಸರಕಾರ 5 ಲಕ್ಷ ರೂಪಾಯಿ ಘೋಷಿಸಿತು. ಆ ದುಡ್ಡಿನಲ್ಲಿ ಸಿಮೆಂಟ್ ಮನೆ ಕಟ್ಟಿಕೊಂಡವರನ್ನು ನಾನು ದೂರುವುದಿಲ್ಲ. ನಮ್ಮ ಮನೆ ಎತ್ತರದಲ್ಲಿದ್ದುದರಿಂದ ಉಳಿಯಿತು, ಅಷ್ಟೇ.

ನನ್ನ ತಕರಾರು ಬೇರೆ. ಬ್ಯಾಂಕಿನ ಸಾಲದ ಟೇಬಲ್ಲಿಗೆ ಬರುತ್ತಿದ್ದ ಮನೆಯ ಎಸ್ಟಿಮೇಟುಗಳಲ್ಲಿ ಉಸುಕು, ಸಿಮೆಂಟ್, ಕಬ್ಬಿಣ, ಗೌಂಡಿಯ ಪಗಾರ ಎಲ್ಲ ಇರುತ್ತಿತ್ತು. ಮುಂದಿನ ಮೂವತ್ತು ಬೇಸಿಗೆಗಳಲ್ಲಿ ಫ್ಯಾನು, ಕೂಲರು ತಿನ್ನುವ ಕರೆಂಟಿಗೆ ಕಾಲಂ ಇರಲಿಲ್ಲ. ನಾನೂ ಕೇಳಲಿಲ್ಲ. ಬಾಡಿಗೆ ಖೋಲಿ ಕಟ್ಟಿಸುವವರಂತೂ ತಗಡು ಹೊದಿಸಿ ಮುಗಿಸುತ್ತಿದ್ದರು. ಬೇಯುವವರು ಬಾಡಿಗೆಯವರು, ಬಿಲ್ಲೂ ಅವರದೇ. ಕಟ್ಟಿಸುವವ ಒಬ್ಬ, ಕರೆಂಟ್ ಬಿಲ್ ತುಂಬುವವ ಇನ್ನೊಬ್ಬ ಆದರೆ ತಂಪು ಮನೆಗೆ ಯಾರು ಖರ್ಚು ಮಾಡುತ್ತಾರೆ? ಗೃಹಜ್ಯೋತಿಯಿಂದ ಸೊನ್ನೆ ಬಿಲ್ ಬರುವ ಮನೆಗಳಲ್ಲಿ ಈಗ ಆ ಯೋಚನೆಯೂ ಬರಲಿಕ್ಕಿಲ್ಲ.

ಮೊಮ್ಮಗ ಏಪ್ರಿಲ್‌ನಲ್ಲಿ ಮಧ್ಯಾಹ್ನ ಮೂರಕ್ಕೆ ಥರ್ಮಾಮೀಟರ್ ಇಟ್ಟ. ಮಗ ಪಕ್ಕದಲ್ಲಿ ಕಟ್ಟಿಸಿದ ಸ್ಲ್ಯಾಬ್ ಖೋಲಿಯಲ್ಲಿ 38 ಡಿಗ್ರಿ, ಹಳೇ ಪಡಸಾಲೆಯಲ್ಲಿ 33. ಮಗ ಎರಡು ಸಲ ನೋಡಿದ, ಮಾತಾಡಲಿಲ್ಲ.

ಅವನಿಗೆ ಇನ್ನೊಂದು ದಾರಿ ಹೇಳಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ‘ಅಸ್ತ್ರ’ ಎಂಬ ಕೇಂದ್ರ ಶುರುವಾಯಿತು. ಮಣ್ಣಿಗೆ ತುಸು ಸಿಮೆಂಟ್ ಬೆರೆಸಿ, ಯಂತ್ರದಲ್ಲಿ ಒತ್ತಿ ಇಟ್ಟಂಗಿ ಮಾಡುವುದನ್ನು ಅಲ್ಲಿಯವರು ಬೆಳೆಸಿದರು. ಭಟ್ಟಿಯಲ್ಲಿ ಸುಡುವ ಖರ್ಚಿಲ್ಲ, ಬರೀ ಮಣ್ಣಿನಂತೆ ಮಳೆಗೆ ಕರಗುವುದೂ ಇಲ್ಲ.

ಈಗ ಹಳೇ ಗೋಡೆ ಉಳಿಸಿ, ಶಿಥಿಲವಾದ ಹಿತ್ತಲ ಗೋಡೆಯನ್ನಷ್ಟೇ ಆ ಇಟ್ಟಂಗಿಯಲ್ಲಿ ಕಟ್ಟಿಸುವ ಮಾತು ನಡೆದಿದೆ. ಗೌಂಡಿ ಇನ್ನೂ ಒಪ್ಪಿಲ್ಲ. “ಯಜಮಾನ್ರ, ಅದರ ರೇಟ್ ನನಗ ಗೊತ್ತಿಲ್ಲ” ಅನ್ನುತ್ತಾನೆ. ಸೋಮವಾರ ಎಸ್ಟಿಮೇಟ್ ತರುತ್ತಾನಂತೆ. ಮೊಮ್ಮಗ ಆಗಲೇ ಹಾಳೆಯ ಕೊನೆಗೆ ‘ಕರೆಂಟ್’ ಎಂದು ಒಂದು ಕಾಲಂ ಎಳೆದಿಟ್ಟಿದ್ದಾನೆ.