ಫಿಫಾಗಿಂತ 29 ವರ್ಷ ಮುಂದಿದ್ದ ಸುರಪುರ

ಮೊದಲು 2016ಕ್ಕೆ ಬನ್ನಿ. ಜಗತ್ತಿನ ಫುಟ್‌ಬಾಲ್ ಆಳುವ ಫಿಫಾ ಲಂಚದ ಹಗರಣದಲ್ಲಿ ಮುಳುಗೆದ್ದು, ನಿಯಮಾವಳಿ ತಿದ್ದಿ, ತನ್ನ 37 ಜನರ ಮಂಡಳಿಯಲ್ಲಿ ಕನಿಷ್ಠ ಆರು ಹೆಂಗಸರು ಇರಲೇಬೇಕೆಂದು ಬರೆದುಕೊಂಡ ವರ್ಷ ಅದು. ಈಗ 1987ಕ್ಕೆ ಹೋಗಿ. ಕೃಷ್ಣಾ, ಭೀಮಾ ನದಿಗಳ ಸೀಮೆಯ ಯಾದಗಿರಿ, ಶಹಾಪುರ, ಸುರಪುರ ಆಗಿನ್ನೂ ಗುಲಬರ್ಗಾ ಜಿಲ್ಲೆಯ ತಾಲ್ಲೂಕುಗಳು. ಅಲ್ಲಿಯ ಹಳ್ಳಿಗಳಲ್ಲಿ, ಇಡೀ ಕರ್ನಾಟಕದ ಜೊತೆಗೆ, ಮಂಡಲ ಪಂಚಾಯಿತಿಗಳು ಹುಟ್ಟಿಕೊಂಡವು. ನಾಲ್ಕರಲ್ಲೊಂದು ಸ್ಥಾನ ಹೆಂಗಸರಿಗೆ! ಪಂಚಾಯಿತಿಗಳಲ್ಲಿ ಹೆಂಗಸರ ಮೀಸಲಾತಿಯನ್ನು ದೇಶಕ್ಕೆ ತಂದ ಸಂವಿಧಾನದ 73ನೇ ತಿದ್ದುಪಡಿ ಬರಲು ಇನ್ನೂ ಆರು ವರ್ಷವಿತ್ತು.

ಈ ಎರಡು ಇಸವಿಗಳನ್ನು ಅಕ್ಕಪಕ್ಕ ಇಟ್ಟು ನೋಡಿದಾಗಿನಿಂದ ನನ್ನ ಬೆರಗು ಇಳಿದಿಲ್ಲ. ಜ್ಯೂರಿಚ್‌ನ ಫಿಫಾ ಕಚೇರಿಯ ಗಾಜಿನ ಕಟ್ಟಡದಲ್ಲಿ ಕೂತವರು ಮೊನ್ನೆ ಮೊನ್ನೆ ಕಂಡುಹಿಡಿದದ್ದನ್ನು ತೊಗರಿ, ಹತ್ತಿ ಬೆಳೆಯುವ ನಮ್ಮ ಬಿಸಿಲು ನಾಡು ಆಗಲೇ ಮಾಡಿ ನೋಡಿತ್ತು!

ಫುಟ್‌ಬಾಲಿನ ಲೆಕ್ಕ ಇನ್ನೂ ತಮಾಷೆಯಾಗಿದೆ. ಫಿಫಾ ಶುರುವಾದದ್ದು 1904ರಲ್ಲಿ. ಅದರ ಕಾರ್ಯಕಾರಿ ಸಮಿತಿಯೊಳಗೆ ಮೊದಲ ಹೆಂಗಸು ಕಾಲಿಟ್ಟದ್ದು 2012ರಲ್ಲಿ. ಅವರು ಯಾವ ಯುರೋಪಿನವರೂ ಅಲ್ಲ, ಪುಟ್ಟ ಬುರುಂಡಿಯ ಲಿಡಿಯಾ ಎನ್ಸೆಕೆರಾ. ಇಂಗ್ಲೆಂಡಿನ ಫುಟ್‌ಬಾಲ್ ಅಸೋಸಿಯೇಷನ್ 1863ರದ್ದು. ಡೆಬ್ಬಿ ಹ್ಯೂಯಿಟ್ ಅದರ ಮೊದಲ ಅಧ್ಯಕ್ಷೆಯಾಗಲು 2022 ಬರಬೇಕಾಯಿತು. ನಮ್ಮ ಅಖಿಲ ಭಾರತ ಫುಟ್‌ಬಾಲ್ ಫೆಡರೇಶನ್ 1937ರಲ್ಲಿ ಹುಟ್ಟಿತು. ಅಧ್ಯಕ್ಷರ ಪಟ್ಟಿ ಓದುತ್ತ ಹೋಗಿ, ಒಬ್ಬ ಹೆಣ್ಣುಮಗಳ ಹೆಸರೂ ಸಿಗದು.

2020ರಲ್ಲಿ ಅದೇ ಇಂಗ್ಲೆಂಡ್ ಒಂದು ಸಂಹಿತೆ ತಂದಿತು. ಕ್ಲಬ್ಬುಗಳ ಆಡಳಿತದ ದೊಡ್ಡ ಹುದ್ದೆಗಳಿಗೆ ಹೊಸದಾಗಿ ನೇಮಕವಾಗುವವರಲ್ಲಿ ಶೇ 30 ಹೆಂಗಸರು, ಶೇ 15 ಕಪ್ಪು, ಏಷ್ಯನ್ ಅಥವಾ ಮಿಶ್ರ ಮೂಲದವರು ಇರಲಿ ಎಂಬ ಗುರಿ. ಒಪ್ಪುವುದು ಬಿಡುವುದು ಆಗ ಕ್ಲಬ್ಬಿನ ಇಷ್ಟವಾಗಿತ್ತು. ಗಮನಿಸಿ, ಹೆಂಗಸರ ಖಾನೆ ಬೇರೆ, ಜನಾಂಗದ ಖಾನೆ ಬೇರೆ. ಹಾಗಾದರೆ ಕಪ್ಪು ಹೆಂಗಸು ಎಲ್ಲಿ ಕೂರಬೇಕು?

ಇಲ್ಲೇ ನೋಡಿ ಸುರಪುರ ನನ್ನನ್ನು ಹಿಡಿದು ನಿಲ್ಲಿಸಿದ್ದು. ಇದು ಬೇಡ ನಾಯಕರ ಸಂಸ್ಥಾನದ ನೆಲ. 1705ರಲ್ಲಿ ವಾಗಣಗೇರಿ ಕೋಟೆಗೆ ಸ್ವತಃ ಔರಂಗಜೇಬನೇ ಮುತ್ತಿಗೆ ಹಾಕಿ ಹೈರಾಣಾಗಿದ್ದ. ಆ ಸಮುದಾಯ ಇಂದು ಪರಿಶಿಷ್ಟ ಪಂಗಡದಲ್ಲಿದೆ. ವಿಧಾನಸಭೆಗೂ ಸುರಪುರ ಪರಿಶಿಷ್ಟ ಪಂಗಡದ ಮೀಸಲು ಕ್ಷೇತ್ರ. ಪಂಚಾಯಿತಿಗೆ ಬಂದರೆ ಮೀಸಲಾತಿಯ ನೇಯ್ಗೆ ಇನ್ನೂ ಸೂಕ್ಷ್ಮ: ಪರಿಶಿಷ್ಟರ ಸ್ಥಾನಗಳ ಒಳಗೇ ಹೆಂಗಸರ ಪಾಲು ಇರಬೇಕೆಂದು ಸಂವಿಧಾನದ 243ಡಿ ವಿಧಿ ಹೇಳುತ್ತದೆ. ‘ಪರಿಶಿಷ್ಟ ಪಂಗಡ (ಮಹಿಳೆ)’ ಎಂದು ನಮ್ಮ ಮೀಸಲಾತಿ ಪಟ್ಟಿಯಲ್ಲಿ ಅಚ್ಚಾಗುವ ಆ ಒಂದು ಸಾಲನ್ನು ಇಂಗ್ಲೆಂಡಿನ ಸಂಹಿತೆ ಬರೆದೇ ಇಲ್ಲ! ಅಷ್ಟೇ ಅಲ್ಲ, ನಮ್ಮಲ್ಲಿ ಅಧ್ಯಕ್ಷರ ಕುರ್ಚಿಯೂ ಸರದಿಯ ಮೇಲೆ ಮೀಸಲು. ಸದಸ್ಯರಾಗಿ ಬಂದು ಮೂಲೆಯಲ್ಲಿ ಕೂತು ಸಹಿ ಹಾಕಿ ಹೋಗಿ ಅಂತಲ್ಲ, ಸಭೆ ನಡೆಸಿ ಅಂತ. 2010ರಿಂದ ಕರ್ನಾಟಕದಲ್ಲಿ ಹೆಂಗಸರ ಪಾಲು ಅರ್ಧಕ್ಕರ್ಧ.

1987ರ ಆ ವ್ಯವಸ್ಥೆಯನ್ನು ಮುಂದೆ ನಿಂತು ಕಟ್ಟಿದವರು ಯಾರು? ಕೊಳವೆಬಾವಿ ಕೊರೆಸಿ ಕೊರೆಸಿ ‘ನೀರ್ ಸಾಬ್’ ಎನಿಸಿಕೊಂಡ, ಗುಂಡ್ಲುಪೇಟೆಯ ಅಬ್ದುಲ್ ನಜೀರ್‌ಸಾಬ್. ಅಲ್ಪಸಂಖ್ಯಾತ ಸಮುದಾಯದ ಒಬ್ಬ ಮಂತ್ರಿ ರಾಜ್ಯದ ಹೆಂಗಸರಿಗೆ ಕುರ್ಚಿ ಹಾಕಿಸಿದ ಕಥೆ ಇದು. ಫುಟ್‌ಬಾಲಿನ ಯಾವ ಸಮ್ಮೇಳನದಲ್ಲೂ ಇದನ್ನು ಯಾರೂ ಹೇಳಿದ್ದು ನಾನು ಕೇಳಿಲ್ಲ.

ಇನ್ನೂ ಹಿಂದಕ್ಕೆ ಹೋದರೆ 1840ರ ದಶಕದ ಸುರಪುರದಲ್ಲಿ ರಾಣಿ ಈಶ್ವರಮ್ಮ ಸಿಗುತ್ತಾಳೆ. ಗಂಡ ಕೃಷ್ಣಪ್ಪ ನಾಯಕ ತೀರಿಕೊಂಡಿದ್ದ, ಮಗ ವೆಂಕಟಪ್ಪ ನಾಯಕ ಇನ್ನೂ ಹುಡುಗ. ಒಂದು ಕಡೆ ಮೈದುನ, ಇನ್ನೊಂದು ಕಡೆ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್. ಇಬ್ಬರಿಗೂ ಮಣಿಯದೆ ಅಧಿಕಾರಕ್ಕಾಗಿ ಆಕೆ ಪಟ್ಟು ಹಿಡಿದಳು. ಅವಳ ಕಥೆ ನಮಗೆ ಹೆಚ್ಚಾಗಿ ಟೇಲರನ ಆತ್ಮಕಥೆಯಿಂದಲೇ ಸಿಗಬೇಕು, ಅಂದರೆ ಎದುರಾಳಿಯ ಬಾಯಿಂದ. ಆಗ ಯಾವ ಮೀಸಲಾತಿ ಇತ್ತು ಹೇಳಿ!

ಹೌದು, ಇಂದಿನ ಪಂಚಾಯಿತಿಗಳಲ್ಲಿ ‘ಅಧ್ಯಕ್ಷೆ ಗಂಡ’ನೂ ಇದ್ದಾನೆ. ಹೆಂಡತಿಯ ಕುರ್ಚಿಯ ಪಕ್ಕ ಕೂತು ತಾನೇ ಮಾತಾಡುವವನು. ಇದನ್ನು ಮುಚ್ಚಿಡಬೇಕಿಲ್ಲ. ಆದರೆ ಆಮೇಲೇನಾಗುತ್ತದೆ ಎಂಬುದೂ ಗೊತ್ತಾಗಿದೆ. ಮುಂದೆ ನೊಬೆಲ್ ಪಡೆದ ಎಸ್ತರ್ ದುಫ್ಲೋ ಮತ್ತು ಸಂಗಡಿಗರು ಪಶ್ಚಿಮ ಬಂಗಾಳದ ಹಳ್ಳಿಗಳನ್ನು ನೋಡಿ 2009ರಲ್ಲಿ ಬರೆದರು: ಎರಡು ಅವಧಿ ಹೆಂಗಸರಿಗೆ ಮೀಸಲಾಗಿದ್ದ ಕಡೆ, ಮೀಸಲಾತಿ ಹೋದ ಮೇಲೂ ಹೆಂಗಸರು ಹೆಚ್ಚಾಗಿ ಗೆಲ್ಲುತ್ತಾರೆ. ಹೆಣ್ಣು ಆಳುವುದನ್ನು ನೋಡಿ ನೋಡಿ ಊರಿಗೆ ರೂಢಿಯಾಗುತ್ತದೆ. ಗಂಡನ ನೆಪ ಹೇಳಿ ಮೀಸಲಾತಿಯನ್ನೇ ಹೀಯಾಳಿಸುವವರು ಇದನ್ನೊಮ್ಮೆ ಓದಲಿ.

ಫುಟ್‌ಬಾಲಿಗೆ ಆ ರೂಢಿ ಇನ್ನೂ ಬಂದಿಲ್ಲ. ರಾಜ್ಯದ ಫುಟ್‌ಬಾಲ್ ಸಂಸ್ಥೆ ಇರುವುದು ಬೆಂಗಳೂರಿನ ಅಶೋಕನಗರದಲ್ಲಿ. ಯಾದಗಿರಿಯಿಂದ ಅಲ್ಲಿಗೆ ರೈಲಿನಲ್ಲಿ ಒಂದು ರಾತ್ರಿಯ ದಾರಿ. 2025ರ ರಾಷ್ಟ್ರೀಯ ಕ್ರೀಡಾ ಆಡಳಿತ ಕಾಯ್ದೆ ಪ್ರತಿ ರಾಷ್ಟ್ರೀಯ ಕ್ರೀಡಾ ಸಂಸ್ಥೆಯ ಕಾರ್ಯಕಾರಿ ಸಮಿತಿಯಲ್ಲಿ, ಹೆಚ್ಚೆಂದರೆ 15 ಜನರಲ್ಲಿ, ಕನಿಷ್ಠ ನಾಲ್ವರು ಹೆಂಗಸರು ಬೇಕೆನ್ನುತ್ತದೆ. ನಾಲ್ಕರಲ್ಲೊಂದರ ಆಸುಪಾಸು! 1987ರ ಮಂಡಲ ಪಂಚಾಯಿತಿಯ ಲೆಕ್ಕಕ್ಕೆ ಭಾರತದ ಕ್ರೀಡೆ ಈಗ ಬಂದು ಮುಟ್ಟಿದೆ. ಅಧ್ಯಕ್ಷರ ಕುರ್ಚಿಯನ್ನೂ ಸರದಿಗೆ ಹಾಕಿ ‘ಪರಿಶಿಷ್ಟ ಪಂಗಡ (ಮಹಿಳೆ)’ ಎಂದು ಬರೆಯುವುದು ಯಾವಾಗ?